ಸೀತಾರಾಮಪ್ಪನವರು ತಿಂದ ಸ್ಯಾಂಪಲ್

ಹಿಂದೂಪುರದ ಲೇಪಾಕ್ಷಿ ರಸ್ತೆಯ ಕಲ್ಯಾಣ ಮಂಟಪದಲ್ಲಿ ಮಿಠಾಯಿ ವ್ಯಾಪಾರಿಗಳ ಮೇಳ ನಡೆಯುತ್ತದೆಂದು ಫ್ಲೆಕ್ಸ್ ಕಟ್ಟಿದ ದಿನದಿಂದ ನಮ್ಮ ಬೀದಿಯ ಸೀತಾರಾಮಪ್ಪನವರಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಅವರದು ಮಗ್ಗದ ಸಾಮಾನಿನ ಅಂಗಡಿ. ಲಾಳಿ, ಕಂಡಿಕೆ, ಜಕಾರ್ಡಿನ ರಟ್ಟು ಮಾರುವ ಮನುಷ್ಯ. ಮಿಠಾಯಿಗೂ ಅವರಿಗೂ ಇದ್ದ ಸಂಬಂಧ ತಿನ್ನುವುದಷ್ಟೇ. ಆದರೆ ಆ ಸಂಬಂಧವನ್ನು ಅವರು ಹಗುರವಾಗಿ ತೆಗೆದುಕೊಂಡವರಲ್ಲ. ಮೈಸೂರು ಪಾಕನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರೆ ತುಪ್ಪ ಯಾವ ಊರಿನದೆಂದು ಹೇಳಬಲ್ಲೆ ಎಂಬುದು ಅವರ ನಂಬಿಕೆ. ಇದುವರೆಗೆ ಯಾರೂ ಪರೀಕ್ಷೆ ಮಾಡಿ ನೋಡದೆ ಇದ್ದುದರಿಂದ ಆ ನಂಬಿಕೆ ಗಟ್ಟಿಯಾಗಿಯೇ ಉಳಿದಿತ್ತು.

ತೊಂದರೆ ಏನೆಂದರೆ, ಫ್ಲೆಕ್ಸಿನ ಕೆಳಗೆ ‘ವ್ಯಾಪಾರಿಗಳಿಗೆ ಮಾತ್ರ’ ಎಂದು ಬರೆದಿತ್ತು. ಸೀತಾರಾಮಪ್ಪನವರ ಅಣ್ಣನ ಮಗ ಉಮಾಶಂಕರನದು ಪ್ರಿಂಟಿಂಗ್ ಅಂಗಡಿ. ಮೇಳಕ್ಕೆ ಬರುವವರ ಕತ್ತಿಗೆ ಹಾಕುವ ಕಾರ್ಡುಗಳನ್ನು ಮಾಡುವ ಕೆಲಸ ಅವನಿಗೇ ಸಿಕ್ಕಿತ್ತು.

“ಚಿಕ್ಕಪ್ಪ, ವಿಸಿಟರ್ ಅಂತ ಹಾಕ್ಬುಡ್ತೀನಿ,” ಎಂದ ಅವನು.

“ವಿಸಿಟರ್ ಅಂದ್ರೆ ಸುಮ್ನೆ ನೋಡ್ಕಂಡು ಹೋಗೋನು ಕಣ್ಲಾ. ನಾನು ತಿನ್ನಕ್ಕೆ ಹೋಯ್ತಾ ಇವ್ನಿ. ತಿನ್ನೋರಿಗೆ ಏನಂತಾರೆ?”

“ತಿಂದು ನೋಡಿ ಆರ್ಡರ್ ಕೊಡೋರ್ಗೆ ಬಯರ್ ಅಂತಾರೆ.”

“ಅದ್ನೇ ಹಾಕು. ಆರ್ಡರ್ ವಿಚಾರ ಆಮ್ಯಾಕೆ ನೋಡ್ಕಳಾನ.”

ಹೀಗೆ ‘ಸೀತಾರಾಮಪ್ಪ, ಹಿಂದೂಪುರ, ಬಯರ್’ ಎಂಬ ಕಾರ್ಡು ತಯಾರಾಯಿತು. ಇನ್ನು ಅವರನ್ನು ಮೇಳದ ಒಳಗೆ ಬಿಡುವ ಮುಂಚೆ ಅವರ ಮನೆಯ ಒಂದು ವಿಷಯ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ಆದದ್ದೆಲ್ಲ ಹುಚ್ಚಾಟವೆಂದು ನೀವು ತಿಳಿದೀರಿ. ಹುಚ್ಚಾಟವೇ ಸರಿ, ಆದರೆ ಕಾರಣವಿತ್ತು.

ಅವರ ಎರಡನೇ ಮಗಳು ಹರಿತಾ ಕಂಪ್ಯೂಟರಿನಲ್ಲಿ ಸೀರೆಯ ಅಂಚಿಗೆ ಡಿಸೈನ್ ಮಾಡುವವಳು. ಅವಳಿಗೆ ಕಲ್ಯಾಣದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ತಂದವನು ಸೀತಾರಾಮಪ್ಪನವರ ಹೆಂಡತಿ ಶಿವಲಕ್ಷ್ಮಮ್ಮನ ಅಣ್ಣ ಪೋತಪ್ಪ. ಹುಡುಗ ಯುವರಾಜ್, ಅವನ ಅಪ್ಪ ಓಬುಳಪತಿ, “ಫ್ಯಾಕ್ಟರಿ ಐತೆ” ಎಂದಷ್ಟೇ ಪೋತಪ್ಪ ಹೇಳಿದ್ದ. ಯಾವುದರ ಫ್ಯಾಕ್ಟರಿ ಎಂದು ಕೇಳಲು ಯಾರಿಗೂ ತೋಚಲಿಲ್ಲ. ಸೀತಾರಾಮಪ್ಪನವರು ಗ್ರಾನೈಟು ಎಂದುಕೊಂಡು ಒಂದೆರಡು ಕಡೆ ಹಾಗೆಯೇ ಹೇಳಿಯೂ ಬಿಟ್ಟಿದ್ದರು. ಜಾತಕ ಕೂಡಿತ್ತು, ಫೋಟೋಗಳು ಆ ಕಡೆ ಈ ಕಡೆ ಹೋಗಿದ್ದವು, ಹೆಣ್ಣು ನೋಡುವ ಶಾಸ್ತ್ರ ಇನ್ನೂ ಬಾಕಿ ಇತ್ತು.

ನಮ್ಮ ಕಡೆಯ ನೇಯ್ಗೆ ಜನರಲ್ಲಿ ಒಂದು ಕಟ್ಟಳೆ ಇದೆ. ಜಾತಕ ಕೂಡಿದ ಮೇಲೆ, ಒಪ್ಪಿಗೆ ಆಗುವವರೆಗೆ, ಒಂದು ಕಡೆಯವರು ಇನ್ನೊಂದು ಕಡೆಯವರ ಕೈಯಿಂದ ಸಿಹಿ ತಿನ್ನುವಂತಿಲ್ಲ. ಹೆಣ್ಣು ನೋಡಲು ಬಂದವರಿಗೆ ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ. ಕಾಫಿಗೂ ಸಕ್ಕರೆ ಇಲ್ಲ, ಬಂದವರು ಮುಖ ಕಿವುಚದೆ ಕುಡಿದು ಲೋಟ ಇಡಬೇಕು. ಸಿಹಿ ತಿಂದರೋ, ಒಪ್ಪಿದಂತೆ. ಒಬ್ಬರ ಬಾಯಿಗೆ ಒಬ್ಬರು ಇಟ್ಟರೋ, ಮುಗಿದೇ ಹೋಯಿತು, ಅದನ್ನು ದೇವರೂ ಬಿಡಿಸಲಾರ ಎಂದು ಪೋತಪ್ಪನ ಅಭಿಪ್ರಾಯ.

ದೊಡ್ಡ ಮಗಳು ಕಲ್ಪನಾಳ ಸಂಬಂಧ ಹೀಗೇ ಒಂದು ಹೋಳಿಗೆಯಲ್ಲಿ ಮುಗಿದಿತ್ತು. ಗಂಡಿನ ಮನೆಗೆ ಸುಮ್ಮನೆ ನೋಡಿಕೊಂಡು ಬರಲು ಹೋದ ಸೀತಾರಾಮಪ್ಪನವರು ತುಪ್ಪದ ವಾಸನೆಗೆ ಸೋತು ಹೋಳಿಗೆ ತಿಂದು ಬಂದರು. ಕಲ್ಪನಾ ಈಗ ಸುಖವಾಗಿಯೇ ಇದ್ದಾಳೆ. ಆದರೆ ಅವಳನ್ನು ಯಾರೂ ಕೇಳಿರಲಿಲ್ಲ, ಅದನ್ನು ಅವಳ ತಂಗಿ ಮರೆತಿರಲಿಲ್ಲ.

“ಅಪ್ಪಾ, ಹುಡುಗನ ಹತ್ರ ನಾನು ಮಾತಾಡ್ಬೇಕು. ನಾನು ಹೂಂ ಅನ್ನೋಗಂಟ ನೀನು ಎಲ್ಲೂ ಏನೂ ತಿನ್ಬಾರ್ದು,” ಎಂದಿದ್ದಳು ಹರಿತಾ. ಸೀತಾರಾಮಪ್ಪನವರು ಮಗಳ ತಲೆ ಮುಟ್ಟಿ ಮಾತು ಕೊಟ್ಟಿದ್ದರು. ಕೊಡುವಾಗ ಕಣ್ಣಲ್ಲಿ ನೀರೂ ಬಂದಿತ್ತು. ಮಾತು ಕೊಡುವುದರಲ್ಲಿ ಅವರು ಯಾವಾಗಲೂ ಮುಂದು.

ಸರಿ, ಮೇಳಕ್ಕೆ ಹೋಗೋಣ.

ಬಾಗಿಲಲ್ಲಿ ಕೂತಿದ್ದ ಸೆಕ್ಯುರಿಟಿಯವನು ಕಾರ್ಡು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದ. ಸೀತಾರಾಮಪ್ಪನವರಿಗೆ ಕಲ್ಯಾಣ ಮಂಟಪದ ಬಾಗಿಲಲ್ಲಿ ಹಿಂದೆಂದೂ ಯಾರೂ ಎದ್ದು ನಿಂತವರಿಲ್ಲ, ಅವರದೇ ಮದುವೆಯನ್ನೂ ಸೇರಿಸಿ. ಅಲ್ಲಿಂದಲೇ ಅವರ ನಡಿಗೆ ಬದಲಾಯಿತು.

ಒಳಗೆ ಸಾಲಾಗಿ ಮಳಿಗೆಗಳು. ಜೆಲ್ಲಿಯನ್ನು ಅಚ್ಚಿಗೆ ಸುರಿಯುವ ಯಂತ್ರ, ಪೆಪ್ಪರ್‌ಮಿಂಟಿಗೆ ಕಾಗದ ಸುತ್ತುವ ಯಂತ್ರ, ಬಣ್ಣ, ಎಸೆನ್ಸು, ಹುಣಸೆಹಣ್ಣಿನ ಕ್ಯಾಂಡಿ, ಹಾಲಿನ ಪೇಡ, ಬಾದಾಮಿ ಬರ್ಫಿ. ಪ್ರತಿ ಮಳಿಗೆಯ ಮುಂದೂ ತಟ್ಟೆಯಲ್ಲಿ ಸಣ್ಣ ಸಣ್ಣ ಚೂರು, ಚೂರಿಗೊಂದು ಕಡ್ಡಿ. ನಿಜವಾದ ವ್ಯಾಪಾರಿಗಳು ಚೂರನ್ನು ನಾಲಿಗೆಗೆ ತಾಗಿಸಿ, ಉಳಿದದ್ದನ್ನು ಕಾಗದದ ಲೋಟಕ್ಕೆ ಉಗುಳಿ, ನೀರು ಮುಕ್ಕಳಿಸಿ ಮುಂದೆ ಹೋಗುತ್ತಿದ್ದರು. ಸೀತಾರಾಮಪ್ಪನವರಿಗೆ ಅದು ಅನ್ನಕ್ಕೆ ಮಾಡುವ ಅಪಚಾರವೆನಿಸಿತು. ಅವರು ಏನನ್ನೂ ಉಗುಳಲಿಲ್ಲ.

“ರಂಡಿ ಸಾರ್, ರುಚಿ ಚೂಡಂಡಿ,” ಬನ್ನಿ, ರುಚಿ ನೋಡಿ ಎಂದು ಎಲ್ಲ ಕಡೆಯಿಂದ ತೆಲುಗಿನಲ್ಲಿ ಕರೆ. ಬಯರ್ ಎಂಬ ಅಕ್ಷರಕ್ಕೆ ಅಷ್ಟು ಶಕ್ತಿ ಇತ್ತು. ಪೇಡದವನು ಕೈ ಮುಗಿದು, “ಎನ್ನಿ ಟನ್ನುಲು ಕಾವಾಲಿ ಸಾರ್?” ಎಂದು, ಎಷ್ಟು ಟನ್ನು ಬೇಕೆಂದು ಕೇಳಿದ. ಇಷ್ಟು ದಿನ ಪೇಡವನ್ನು ಕಾಲು ಕಿಲೋದಲ್ಲಿ ಕಂಡಿದ್ದ ಸೀತಾರಾಮಪ್ಪನವರು ಸ್ವಲ್ಪವೂ ಅಲ್ಲಾಡದೆ, “ಚೂಸ್ತಾಂ, ಚೂಸ್ತಾಂ,” ನೋಡೋಣ ಎಂದು ಗಂಭೀರವಾಗಿ ಇನ್ನೊಂದು ಚೂರು ತೆಗೆದುಕೊಂಡರು.

ಬಾದಾಮಿ ಬರ್ಫಿಯ ಮಳಿಗೆಯಲ್ಲಿ ಸಕ್ಕರೆ ಜಾಸ್ತಿಯಾಗಿದೆಯೆಂದು ಅವರಿಗೆ ಅನಿಸಿತು. ಮಾಲೀಕ ಇಲ್ಲವೆಂದ. “ನೀವೇ ತಿಂದು ನೋಡಿ,” ಎಂದು ಒಂದು ಚೂರನ್ನು ಅವನ ಬಾಯಿಗೇ ಇಟ್ಟರು. ಟನ್ನುಗಟ್ಟಲೆ ಆರ್ಡರಿನ ಆಸೆಯಲ್ಲಿ ಅವನು ತಿಂದು, ಹೌದು ಜಾಸ್ತಿ ಎಂದು ಒಪ್ಪಿಕೊಂಡ. ಈ ಕ್ರಮ ಸೀತಾರಾಮಪ್ಪನವರಿಗೆ ತುಂಬಾ ಹಿಡಿಸಿತು. ಅಲ್ಲಿಂದ ಮುಂದೆ ಎಲ್ಲ ಮಳಿಗೆಯಲ್ಲೂ ತಾವೊಂದು ತಿಂದು ಮಾಲೀಕನಿಗೊಂದು ತಿನ್ನಿಸುತ್ತ ನಡೆದರು.

ಮೂಲೆಯ ಮಳಿಗೆಗೆ ಬರುವ ಹೊತ್ತಿಗೆ ಅವರು ಬೋರ್ಡು ಓದುವುದನ್ನು ಬಿಟ್ಟಿದ್ದರು, ತಟ್ಟೆ ಮಾತ್ರ ನೋಡುತ್ತಿದ್ದರು. ಕಡಲೆಕಾಯಿ ಮಿಠಾಯಿ, ಎಳ್ಳು ಮಿಠಾಯಿ, ಕೊಬ್ಬರಿ ಮಿಠಾಯಿ. ಹಿಂದೆ ನಿಂತವನು ಮೇಳದ ನಿಯಮದಂತೆ ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡಿದ್ದ. ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಮೊದಲು ಕಾರ್ಡಿನ ಮೇಲೆ, ಆಮೇಲೆ ಸೀತಾರಾಮಪ್ಪನವರ ಮುಖದ ಮೇಲೆ ನಿಂತು ಅಗಲವಾಯಿತು. ತಕ್ಷಣ ಅವನು ಮಿಠಾಯಿಯ ತಟ್ಟೆಯನ್ನು ಬಟ್ಟೆಯಿಂದ ಮುಚ್ಚಿ, ಖಾರದ ಕಡಲೆಬೀಜದ ತಟ್ಟೆಯನ್ನು ಮುಂದಕ್ಕೆ ತಳ್ಳಿದ.

ಸೀತಾರಾಮಪ್ಪನವರಿಗೆ ಅವಮಾನವಾಯಿತು. “ಯಾಕಪ್ಪ, ಊರಿಗೆಲ್ಲಾ ಸಿಹಿ, ನನಗೆ ಖಾರನಾ?”

“ಅಲ್ಲ ಸಾಮಿ, ನೀವು ಖಾರನೇ ತಗಳ್ಳಿ. ಈಗ ಇದೇ ಪದ್ಧತಿ,” ಎಂದ ಮಾಸ್ಕಿನವನು, ಧ್ವನಿ ತಗ್ಗಿಸಿ.

“ನಾನು ಖಾರ ಮುಟ್ಟಲ್ಲ. ಆ ಬಟ್ಟೆ ತೆಗೀರಿ.”

“ದುಡುಕ್ಬ್ಯಾಡಿ. ಮನೇಲಿ ಒಂದ್ ಮಾತು ಕೇಳ್ಕಂಡು ಆಮ್ಯಾಕೆ ತಿನ್ರಿ.”

“ಮಿಠಾಯಿ ತಿನ್ನಕ್ಕೆ ಮನೇಲಿ ಕೇಳೋನು ಅಲ್ಲ ಕಣಪ್ಪ ನಾನು,” ಎಂದು ಸೀತಾರಾಮಪ್ಪನವರು ತಾವೇ ಬಟ್ಟೆ ಸರಿಸಿ ಕೊಬ್ಬರಿ ಮಿಠಾಯಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಎಳೇ ಪಾಕ, ಬಿಡಿಬಿಡಿಯಾದ ಕೊಬ್ಬರಿ, ಏಲಕ್ಕಿ ಹೆಚ್ಚಿಲ್ಲ. ಬೆಳಗಿನಿಂದ ತಿಂದದ್ದರಲ್ಲಿ ಇದೇ ಮೇಲು. ಎರಡನೆಯದನ್ನೂ ತಿಂದರು. ಮೂರನೆಯದನ್ನು ಎತ್ತಿ, ವಾಡಿಕೆಯಂತೆ, ಮಾಸ್ಕಿನವನ ಬಾಯಿಯ ಮುಂದೆ ಹಿಡಿದರು.

ಆ ಮನುಷ್ಯ ಮಾಸ್ಕು ಇಳಿಸಿ ತಿಂದ. ಕಣ್ಣೊರೆಸಿಕೊಂಡ. ಮಳಿಗೆ ಸುತ್ತಿ ಈಚೆ ಬಂದು ಸೀತಾರಾಮಪ್ಪನವರನ್ನು ಅಪ್ಪಿಕೊಂಡ. ಅವನ ಕೆಲಸದವರು ಸುತ್ತ ನಿಂತಿದ್ದವರಿಗೆಲ್ಲ ಕೈತುಂಬ ಮಿಠಾಯಿ ಹಂಚಿದರು. ಒಂದು ದೊಡ್ಡ ಡಬ್ಬದ ತುಂಬ ಮಿಠಾಯಿ ಹಾಕಿ, ಮೇಲೆ ಎಲೆ ಅಡಿಕೆ, ಅರಿಶಿನ ಕುಂಕುಮ ಇಟ್ಟು ಸೀತಾರಾಮಪ್ಪನವರ ಕೈಗೆ ಕೊಟ್ಟರು. ಮಾಲೀಕ, “ಇವತ್ತೇ ಊರಿಗೆ ಫೋನ್ ಮಾಡ್ತೀನಿ,” ಎಂದ. ಸ್ಯಾಂಪಲ್ ಮೆಚ್ಚಿದ್ದಕ್ಕೇ ಇಷ್ಟು ಕಣ್ಣೀರು ಹಾಕುವವನು ವ್ಯಾಪಾರ ಹೇಗೆ ಮಾಡುತ್ತಾನೋ ಎಂದು ಮರುಕಪಡುತ್ತ ಸೀತಾರಾಮಪ್ಪನವರು ಡಬ್ಬ ಹೊತ್ತು ಮನೆಗೆ ಹೊರಟರು.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಜಗಲಿಯ ಮೇಲೆ ಎದುರುಮನೆಯ ಮುನೆಮ್ಮ ನಿಂತಿದ್ದಳು. ನಮ್ಮ ಬೀದಿಯ ಸುದ್ದಿಯೆಲ್ಲ ಮೊದಲು ಮುನೆಮ್ಮನ ಹತ್ತಿರ ಬಂದು ಆಮೇಲೆ ಸಂಬಂಧಪಟ್ಟವರಿಗೆ ಹೋಗುತ್ತದೆ.

“ಬಂದ್ರಾ ಸೀತಾರಾಮಣ್ಣ. ಎಲ್ಡು ಗಂಟೆ ಹೊತ್ಗೆಲ್ಲಾ ಮುಗಿಸ್ಬುಟ್ರಂತೆ. ಪೆಳ್ಳಿ ಯಾವಾಗ?” ಎನ್ನುತ್ತ ಅವರ ಕೈಯಿಂದ ಡಬ್ಬ ಇಸಿದುಕೊಂಡಳು.

“ಯಾರ ಮದ್ವೆ?” ಎಂದರು ಸೀತಾರಾಮಪ್ಪನವರು.

ಒಳಗೆ ಪೋತಪ್ಪ ಹೊಸ ಟವೆಲು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಶಿವಲಕ್ಷ್ಮಮ್ಮ ಗೋಡೆಗೆ ಒರಗಿ ನಿಂತಿದ್ದಳು. ಹರಿತಾ ಕಂಪ್ಯೂಟರಿನ ಮುಂದೆ, ಬೆನ್ನು ಈ ಕಡೆ ಹಾಕಿ, ಯಾವುದೋ ಸೀರೆಯ ಅಂಚಿನಲ್ಲಿ ನವಿಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದಳು.

“ಬಾವ, ನನಗೂ ಒಂದ್ ಮಾತು ಹೇಳ್ದೆ ನೇರವಾಗಿ ಬೀಗರ ಸ್ಟಾಲಿಗೇ ಹೋಗ್ಬುಟ್ಯಲ್ಲ,” ಎಂದ ಪೋತಪ್ಪ. “ಓಬುಳಪತಿ ಫೋನ್ ಮಾಡಿದ್ರು. ಅಳ್ತಾ ಇದ್ರು ಪಾಪ.”

“ಅದು ಗ್ರಾನೈಟಿನ ಓಬುಳಪತೀನಾ?”

“ಗ್ರಾನೈಟು ಅಂತ ಯಾವನ್ ಹೇಳ್ದ? ಮಿಠಾಯಿ ಫ್ಯಾಕ್ಟರಿ.”

ಸೀತಾರಾಮಪ್ಪನವರು ನಿಂತಲ್ಲೇ ಕೂತರು. ಅಲ್ಲಿ ಕುರ್ಚಿ ಇರಲಿಲ್ಲ, ನೆಲದ ಮೇಲೇ ಕೂತರು. ಆಮೇಲೆ ನಡೆದದ್ದು ವಿಚಾರಣೆ. ಕಟ್ಟಳೆಯ ವಿಷಯದಲ್ಲಿ ಪೋತಪ್ಪನೇ ವಕೀಲ, ಪೋತಪ್ಪನೇ ಜಡ್ಜು.

“ತಿಂದ್ಯಾ?”

“ಸ್ಯಾಂಪಲ್ ಅಂತ ತಿಂದೆ.”

“ಒಂದ್ ತಿಂದ್ರೆ ಸ್ಯಾಂಪಲ್. ಆಮ್ಯಾಲೆ?”

“ಇನ್ನೊಂದು ತಿಂದೆ.”

“ಅದು ಸ್ಯಾಂಪಲ್ ಅಲ್ಲ, ತಿಂಡಿ. ಅವ್ರು ಬ್ಯಾಡ ಅಂದಿಲ್ವಾ?”

“ಖಾರ ಕೊಟ್ರು. ನಾನೇ ಬಟ್ಟೆ ತೆಗೆದು ತಿಂದೆ.”

“ಅವ್ರ ಬಾಯಿಗೆ ಇಕ್ಕಿದ್ಯಾ?”

“ಎಲ್ಲಾರ್ ಬಾಯಿಗೂ ಇಕ್ಕಿದ್ದೀನಿ ಬಾವ, ಬೇಕಾದ್ರೆ ಬರ್ಫಿಯವನ್ನ ಕೇಳು.”

“ಬರ್ಫಿಯವನ ಮಗಂಗೂ ನಮ್ಮ ಹುಡುಗಿ ಜಾತಕಕ್ಕೂ ಕೂಡಿಲ್ಲ. ಎಲೆ ಅಡ್ಕೆ?”

“ಡಬ್ಬದ ಮ್ಯಾಲಿತ್ತು.”

“ತಾಂಬೂಲನೂ ಆತು,” ಎಂದು ಪೋತಪ್ಪ ಟವೆಲು ಕೊಡವಿ ತೀರ್ಪು ಕೊಟ್ಟ. “ಇನ್ನು ಲಗ್ನ ಕಟ್ಟಿಸೋದೊಂದೇ.”

“ಡಬ್ಬ ವಾಪಸ್ ಕೊಟ್ಬುಡಾನ,” ಎಂದಳು ಶಿವಲಕ್ಷ್ಮಮ್ಮ, ಮೆಲ್ಲಗೆ. ಎಲ್ಲರೂ ಬಾಗಿಲ ಕಡೆ ನೋಡಿದರು. ಮುನೆಮ್ಮ ಖಾಲಿ ಡಬ್ಬ ಹಿಡಿದು ನಿಂತಿದ್ದಳು. ಆ ಕೊನೆಯಿಂದ ಈ ಕೊನೆಯವರೆಗೆ ಮನೆಮನೆಗೂ ಹಂಚಿ ಬಂದಿದ್ದಳು. ಕಟ್ಟಳೆಯ ಪ್ರಕಾರ ಈಗ ನಮ್ಮ ಇಡೀ ಬೀದಿ ಆ ಸಂಬಂಧಕ್ಕೆ ಒಪ್ಪಿತ್ತು. ನಮ್ಮ ಮನೆಗೂ ಎರಡು ತುಂಡು ಬಂದಿತ್ತು, ಚೆನ್ನಾಗಿತ್ತು.

ಆಗ ಹರಿತಾ ತಿರುಗಿದಳು. ಅವಳು ಕೂಗಾಡಲಿಲ್ಲ, ಅಳಲೂ ಇಲ್ಲ. “ಅಕ್ಕನ್ನ ಹೋಳಿಗೆಗೆ ಕೊಟ್ಟೆ. ನನ್ನ ಸ್ಯಾಂಪಲ್‌ಗೆ ಕೊಟ್ಟೆ. ಅಲ್ವಾ ಅಪ್ಪಾ?” ಎಂದಳು.

ಸೀತಾರಾಮಪ್ಪನವರನ್ನು ನಾನು ಬಹಳ ವರ್ಷದಿಂದ ಬಲ್ಲೆ. ಬೈದರೆ ನಗುತ್ತಾರೆ, ಹಂಗಿಸಿದರೆ ಅವರೂ ಜೊತೆಗೆ ಹಂಗಿಸಿಕೊಳ್ಳುತ್ತಾರೆ. ಆ ಮಾತಿಗೆ ಮಾತ್ರ ಅವರ ಮುಖ ಬಿಳುಚಿಕೊಂಡಿತು. ಎದ್ದು ನಿಂತು, “ತಿಂದಿದ್ದು ವಾಪಸ್ ಕೊಟ್ಟು ಬತ್ತೀನಿ,” ಎಂದರು.

“ತಿಂದಿದ್ದು ಎಂಗಪ್ಪ ವಾಪಸ್ ಕೊಡ್ತೀಯ?” ಎಂದ ಪೋತಪ್ಪ.

“ಗೊತ್ತಿಲ್ಲ. ಕೊಡ್ದೆ ಬರಲ್ಲ.”

ಫೋನು ಮಾಡಿ ನೋಡಿದರು. ಆ ಕಡೆಯಿಂದ ಓಬುಳಪತಿ, “ಬೀಗ್ರೇ, ನೀವೇನೂ ಮಾತಾಡ್ಬ್ಯಾಡಿ, ನಿಮ್ಮ ಮನಸ್ಸು ನಂಗೆ ಗೊತ್ತಾಗೈತೆ,” ಎಂದು ಹೇಳಿ ಮತ್ತೆ ಅಳಲು ಶುರುಮಾಡಿದರು. ಅಳುವವರ ಜೊತೆ ಫೋನಿನಲ್ಲಿ ಜಗಳವಾಡುವುದು ಹೇಗೆಂದು ಸೀತಾರಾಮಪ್ಪನವರಿಗೆ ತಿಳಿಯಲಿಲ್ಲ. ಮೇಳ ಮುಗಿಸಿ ಅವರು ಊರು ಸೇರಿದ ಮೇಲೆ, ಮರುದಿನ ಬೆಳಿಗ್ಗೆ ಕಲ್ಯಾಣದುರ್ಗಕ್ಕೇ ಹೋಗುವುದೆಂದು ತೀರ್ಮಾನವಾಯಿತು. ಬೆಳಗಾಗುವ ಹೊತ್ತಿಗೆ ಹರಿತಾ ಚಪ್ಪಲಿ ಮೆಟ್ಟಿಕೊಂಡು ಮೊದಲೇ ಬಾಗಿಲಲ್ಲಿ ನಿಂತಳು. ಮದುವೆಗೆ ಮುಂಚೆ ಹೆಣ್ಣು ತಾನಾಗಿ ಗಂಡಿನ ಮನೆಗೆ ಹೋಗುವುದುಂಟೇ ಎಂದು ಮುನೆಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು.

“ತಿಂದಿದ್ದು ಅಪ್ಪ, ಸಿಕ್ಕಾಕ್ಕೊಂಡಿದ್ದು ನಾನು ಕಣತ್ತೆ. ನಾನೂ ಹೋಯ್ತೀನಿ,” ಎಂದಳು ಹರಿತಾ. ಕಟ್ಟಳೆ ಇನ್ನಷ್ಟು ಕೆಡದ ಹಾಗೆ ನೋಡಿಕೊಳ್ಳಲು ಪೋತಪ್ಪನೂ ಹೊರಟ.

ಮಡಕಶಿರಾ, ಪಾವಗಡದ ಮೇಲೆ ಹೋಗುವ ಬಸ್ಸು. ನಮ್ಮ ಆಂಧ್ರ ರಾಜ್ಯದಲ್ಲಿ ಹತ್ತಿ, ಕರ್ನಾಟಕದಲ್ಲಿ ಅಷ್ಟು ದೂರ ಓಡಿ, ಮತ್ತೆ ನಮ್ಮ ರಾಜ್ಯಕ್ಕೇ ಬಂದು ಇಳಿಸುತ್ತದೆ. ಪಾವಗಡದಲ್ಲಿ ಪೋತಪ್ಪ ಟೀ ತಂದ. ಸೀತಾರಾಮಪ್ಪನವರು ಒಂದು ಗುಟುಕು ಕುಡಿದು, ಸಕ್ಕರೆ ಇದೆಯೆಂದು ಗೊತ್ತಾದ ಕೂಡಲೇ ಕಿಟಕಿಯಿಂದ ಉಗಿದರು. ಮೇಳದಲ್ಲಿ ಕಲಿಯಬೇಕಾಗಿದ್ದ ವಿದ್ಯೆಯನ್ನು ಅವರು ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಕಲಿತರು. ಕಿಟಕಿಯ ಕೆಳಗೆ ನಿಂತಿದ್ದ ಕಂಡಕ್ಟರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಬೈದ. ಸೀತಾರಾಮಪ್ಪನವರು ಎರಡನ್ನೂ ಕೇಳಿಸಿಕೊಂಡರು, ಬಾಯಿ ಮಾತ್ರ ಬಿಡಲಿಲ್ಲ.

ಕಲ್ಯಾಣದುರ್ಗದ ಓಬುಳಪತಿಯವರ ಮನೆಯ ಹಿಂದೆಯೇ ಫ್ಯಾಕ್ಟರಿ. ಬೀದಿಯ ತಿರುವಿನಿಂದಲೇ ಬೆಲ್ಲದ ಪಾಕದ ವಾಸನೆ. ಸೀತಾರಾಮಪ್ಪನವರು ಮೂಗಿಗೆ ಟವೆಲು ಕಟ್ಟಿಕೊಂಡರು. ಮನೆಯವರು ಇವರನ್ನು ಕಂಡದ್ದೇ ತಡ, ನೀರು ಬಂತು, ಚಾಪೆ ಬಂತು, ದೊಡ್ಡ ಹರಿವಾಣದಲ್ಲಿ ಮಿಠಾಯಿ ಬಂತು. ಮೂವರೂ ಒಟ್ಟಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಂಚದ ಮೇಲೆ ಕೂತಿದ್ದ ಓಬುಳಪತಿಯವರ ತಾಯಿ ಎರ್ರಮ್ಮ, “ಹಲ್ನೋವಾ ಮೂರು ಜನಕ್ಕೂ?” ಎಂದು ಕೇಳಿದಳು.

ಸೀತಾರಾಮಪ್ಪನವರು ನಿಂತೇ ಎಲ್ಲ ಹೇಳಿದರು. ಬಯರ್ ಕಾರ್ಡು, ಮಾಸ್ಕು, ಗ್ರಾನೈಟು, ಮಗಳಿಗೆ ಕೊಟ್ಟ ಮಾತು, ಒಂದನ್ನೂ ಬಿಡಲಿಲ್ಲ. ಓಬುಳಪತಿಯವರ ಮುಖ ಇಳಿಯುತ್ತ ಹೋಯಿತು.

“ನಾನು ಖಾರ ಕೊಟ್ಟೆ,” ಎಂದರು ಅವರು. “ಮನೇಲಿ ಕೇಳ್ಕಂಡು ತಿನ್ರಿ ಅಂತಾನೂ ಅಂದೆ. ಸಾಕ್ಷಿ ಅವ್ರೆ. ಊರೆಲ್ಲಾ ಹಂಚ್ಬುಟ್ಟಿದ್ದೀನಿ ಸಾಮಿ. ಸೊಸೆ ಗೊತ್ತಾದ್ಲು ಅಂತ ಗುಡಿ ಮುಂದೆ ನಿಂತು ಹೇಳಿದ್ದೀನಿ. ಈಗ ಇಲ್ಲ ಅಂದ್ರೆ ನನ್ನ ಮಾತ್ಗೆ ಏನ್ ಬೆಲೆ ಐತೆ?”

ಕಡಲೆಬೀಜ ಹುರಿಯುವ ಯಂತ್ರದ ಹಿಂದಿನಿಂದ, ತಲೆಯೆಲ್ಲ ಸಿಪ್ಪೆ ಮೆತ್ತಿಕೊಂಡ ಒಬ್ಬ ಯುವಕ ಎದ್ದು, “ನನ್ನೂ ಯಾರೂ ಕೇಳ್ಲಿಲ್ಲ,” ಎಂದ. ಅವನೇ ಯುವರಾಜ್. ಹರಿತಾ ಅವನ ಕಡೆ ನೋಡಿದ್ದು ಅದೇ ಮೊದಲು.

“ನೀನ್ ಸುಮ್ಕಿರು,” ಎಂದರು ಅವನಪ್ಪ. ಪೋತಪ್ಪನ ಕಡೆ ತಿರುಗಿ, “ನೀವೇ ಹೇಳಿ ಪೋತಪ್ಪನೋರೇ. ಕಟ್ಟಳೆ ಏನೈತೆ?”

“ಸಿಹಿ ತಿಂದ ಮ್ಯಾಲೆ ಆ ಮನೆಯಿಂದ ಈ ಮನೆಗೆ ಒಬ್ರು ಬರ್ಲೇಬೇಕು,” ಎಂದ ಪೋತಪ್ಪ. ಅವನಿಗೂ ಸಂಕಟವಾಗುತ್ತಿತ್ತು, ಆದರೆ ಕಟ್ಟಳೆಯೆಂದರೆ ಕಟ್ಟಳೆ.

ಸೀತಾರಾಮಪ್ಪನವರು ಮೂಗಿನ ಟವೆಲು ಬಿಚ್ಚಿದರು.

“ಅಂಗಾದ್ರೆ ನಾನೇ ಬತ್ತೀನಿ. ತಿಂದೋನು ನಾನ್ ತಾನೆ? ನಾನು ತಿಂದಿದ್ಕೆ ನನ್ ಮಗಳು ಯಾಕ್ ಬರ್ಬೇಕು? ಓಬುಳಪತಿಯೋರೇ, ನಿಮ್ಮ ಮಾತು ಉಳೀಲಿ. ನನ್ನೇ ಇಟ್ಕಳ್ಳಿ.”

ಇದಕ್ಕೆ ಕಟ್ಟಳೆಯಲ್ಲಿ ಏನಿದೆಯೆಂದು ಪೋತಪ್ಪ ಯೋಚಿಸಿದ. ಬೇಡ ಎಂದು ಎಲ್ಲೂ ಹೇಳಿರಲಿಲ್ಲ. ಎರ್ರಮ್ಮ ಮಂಚದಿಂದ ಬಗ್ಗಿ ಸೀತಾರಾಮಪ್ಪನವರನ್ನು ತಲೆಯಿಂದ ಕಾಲಿನವರೆಗೆ, ಮೀಸೆಯನ್ನೂ ಸೇರಿಸಿ, ನೋಡಿದಳು.

“ಕಡ್ಲೆಕಾಯಿ ಬುಡ್ಸಾಕೆ ಬತ್ತದಾ?”

“ಬತ್ತದೆ.”

“ಕೊಬ್ಬರಿ ತುರಿಯಾಕೆ?”

“ಕಲೀತೀನಿ.”

“ಕೂತ್ಕ,” ಎಂದು ಮೊರ ತಳ್ಳಿದಳು. ಮೊಮ್ಮಗನಿಗೆ, “ಲೇ, ಆ ಹುಡುಗೀನ ಸುಮ್ನೆ ನಿಲ್ಸಬ್ಯಾಡ, ಫ್ಯಾಕ್ಟರಿ ತೋರ್ಸು ಹೋಗು,” ಎಂದಳು.

ಸೀತಾರಾಮಪ್ಪನವರು ಕೂತರು. ಕೂತವರು ಏಳಲಿಲ್ಲ. ಓಬುಳಪತಿ ಬಂದು, “ಬೀಗ್ರೇ, ಮರ್ವಾದೆ ಹೋಯ್ತದೆ, ಎದ್ದೇಳಿ,” ಎಂದು ಕೈ ಹಿಡಿದು ಎಳೆದರು. “ನಾನು ಬೀಗ ಅಲ್ಲ ಸಾಮಿ. ಸದ್ಯಕ್ಕೆ ಸೊಸೆ,” ಎಂದು ಇವರು ಕೈ ಬಿಡಿಸಿಕೊಂಡು ಮತ್ತೆ ಮೊರಕ್ಕೆ ಬಗ್ಗಿದರು. ಉಗುರು ಸಂದಿನಲ್ಲಿ ಸಿಪ್ಪೆ ಚುಚ್ಚಿ ರಕ್ತ ಬಂತು. ಬಟ್ಟೆ ಸುತ್ತಿಕೊಂಡು ಮುಂದುವರಿಸಿದರು. “ಜೊಳ್ಳು ಸೇರಿಸ್ಬುಟ್ಟೆ ನೋಡು, ನಿಮ್ಮಮ್ಮ ಇದನ್ನೇ ಹೇಳ್ಕೊಟ್ಟಿದ್ದಾ?” ಎಂದು ಎರ್ರಮ್ಮ ಬೈದಳು. ಸೀತಾರಾಮಪ್ಪನವರು ತಲೆ ತಗ್ಗಿಸಿ ಜೊಳ್ಳು ಆರಿಸಿದರು.

ಹಿಂದೂಪುರದಿಂದ ಸೊಸೆ ಬಂದಿದ್ದಾಳಂತೆ ಎಂಬ ಸುದ್ದಿ ಬೀದಿಗೆ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಗುಂಪಾಗಿ ಬಂದರು.

“ಎಲ್ಲಿ ಎರ್ರಮ್ಮಾ, ಕೊತ್ತ ಕೋಡಲು?” ಎಂದು ಹೊಸ ಸೊಸೆಯನ್ನು ಹುಡುಕಿದರು.

“ಅಗಾ,” ಎಂದು ಎರ್ರಮ್ಮ ಮೊರದ ಕಡೆ ಬೆರಳು ತೋರಿಸಿದಳು.

ಹೆಂಗಸರು ನೋಡಿದರು. ಸೀತಾರಾಮಪ್ಪನವರು ಮೀಸೆಯ ಮೇಲಿನ ಸಿಪ್ಪೆ ಒರೆಸಿಕೊಂಡು ಎದ್ದು ನಿಂತು, ಹಿರಿಯಳಾಗಿ ಕಂಡವಳಿಗೆ ಬಗ್ಗಿ ನಮಸ್ಕಾರ ಮಾಡಿದರು. ಅವಳು ಗಾಬರಿಯಲ್ಲಿ ದೀರ್ಘಸುಮಂಗಲಿಯಾಗು ಎಂದು ಹರಸಿಬಿಟ್ಟಳು. ಅಲ್ಲಿಗೆ ಓಬುಳಪತಿಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೆಂಗಸರು ನಕ್ಕು ಸುಸ್ತಾಗಿ ಹೊರಟುಹೋದ ಮೇಲೆ ಎರ್ರಮ್ಮ ಮಂಚದಿಂದ ಇಳಿದು ಬಂದು ಮೊರದ ಪಕ್ಕ ಕೂತಳು. ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸತೊಡಗಿದಳು.

“ನಮ್ಮಪ್ಪ ಬೆಲ್ಲ ತಿಂದ್ಬುಟ್ಟ,” ಎಂದಳು. “ನಂಗೆ ಗೊತ್ತಾಗಿದ್ದು ಸೀರೆ ತಂದಾಗ್ಲೇ. ಇಷ್ಟ ಐತೋ ಇಲ್ವೋ ಅಂತ ಯಾರೂ ಕೇಳ್ಲಿಲ್ಲ. ಈ ಮನೇಲಿ ನಂಗೇನೂ ಕಡ್ಮೆ ಆಗಿಲ್ಲ ಕಣಪ್ಪ. ಆದ್ರೆ ನಮ್ಮಪ್ಪ ಒಂದ್ ದಿನನಾದ್ರೂ ಬಂದು ನನ್ ಜಾಗದಲ್ಲಿ ಕೂತಿದ್ರೆ, ಕೇಳಿದಂಗೇ ಆಗೋದು.”

ಸೀತಾರಾಮಪ್ಪನವರಿಗೆ ದೊಡ್ಡ ಮಗಳು ಕಲ್ಪನಾಳ ನೆನಪಾಯಿತು. ಬಿಡಿಸಿದ ಬೀಜವನ್ನು ಮುದುಕಿಯ ಕಡೆ ಸರಿಸಿದರು.

ಎರ್ರಮ್ಮ ಅಲ್ಲಿಂದಲೇ ಕೂಗಿದಳು. “ಲೇ ಓಬುಳಪತೀ, ಬಾ ಈಚೆಗೆ. ಅಂಗಡೀಲಿ ಕೊಟ್ಟಿದ್ದು ವ್ಯಾಪಾರ. ಮನೇಲಿ ಕೊಟ್ಟಿದ್ದು ಸಂಬಂಧ. ನೀನು ಕೊಟ್ಟಿದ್ದು ಎಲ್ಲಿ?”

ಬಾಗಿಲ ಸಂದಿಯಿಂದ, “ಸ್ಟಾಲಲ್ಲಿ ಕಣಮ್ಮ,” ಎಂದು ಉತ್ತರ ಬಂತು.

“ಅಷ್ಟೇ ಮತ್ತೆ. ಇವ್ನು ತಿಂದಿದ್ದು ಲೆಕ್ಕಕ್ಕಿಲ್ಲ. ಕೇಳ್ದೋರಿಗೆ ಎರ್ರಮ್ಮ ಅಂದ್ಲು ಅನ್ನು,” ಎಂದು ಅವಳು ಪೋತಪ್ಪನ ಮುಖ ನೋಡಿದಳು. ಪೋತಪ್ಪ ಟವೆಲು ಕೊಡವಲು ಹೋಗಿ, ಬೇಡವೆನಿಸಿ ಬಿಟ್ಟ. ಬಾಗಿಲು ತೆಗೆದು ಬಂದ ಓಬುಳಪತಿಯವರ ಮುಖದಲ್ಲೂ ಸ್ವಲ್ಪ ಕಳೆ ಬಂದಿತ್ತು. ಊರಿಗೆ ಹೇಳಲು ಅಮ್ಮನ ಮಾತೊಂದು ಸಿಕ್ಕಿತ್ತಲ್ಲ.

ಅಷ್ಟರಲ್ಲಿ ಹರಿತಾ ಫ್ಯಾಕ್ಟರಿಯಿಂದ ಬಂದಳು. ಅವಳ ತಲೆಯ ಮೇಲೂ ಸಿಪ್ಪೆ. ಹಿಂದೆ ಬಂದ ಯುವರಾಜ್ ಕೈಯಲ್ಲಿ ಒಂದು ಮಿಠಾಯಿ ಡಬ್ಬದ ಮುಚ್ಚಳ ಹಿಡಿದು, “ಈ ಕೆಂಪು ಬಣ್ಣಕ್ಕೆ ಏನಾಗಿದೆ ಅಂತೀನಿ,” ಎನ್ನುತ್ತಿದ್ದ. “ಏನಾಗಿದೆ ಅಂತ ಅರ್ಧ ಗಂಟೆಯಿಂದ ಹೇಳ್ತಾ ಇದೀನಲ್ಲ,” ಎಂದಳು ಅವಳು.

ಸೀತಾರಾಮಪ್ಪನವರು ಸೊಂಟ ಹಿಡಿದುಕೊಂಡು ಎದ್ದರು. ಇಷ್ಟು ದಿನದಲ್ಲಿ ಅವರು ಒಂದು ಕೆಲಸವನ್ನು ಪೂರ್ತಿ ಮಾಡಿ ಮುಗಿಸಿದ್ದು ಇದೇ ಇರಬೇಕು. “ಬಿಡಿಸ್ಕಂಡೆ ಕಣಮ್ಮ,” ಎಂದರು. “ನಿನ್ ಮ್ಯಾಲೆ ಯಾವ ಹಂಗೂ ಇಲ್ಲ. ನಡಿ, ಬಸ್ ಹೋಗ್ಬುಡ್ತದೆ.”

ಹರಿತಾ ಅಪ್ಪನ ಬೆರಳಿಗೆ ಸುತ್ತಿದ ಬಟ್ಟೆಯನ್ನು ನೋಡಿದಳು. ಬಿಚ್ಚಿ, ಸರಿಯಾಗಿ ಮತ್ತೆ ಕಟ್ಟಿದಳು. “ಮುಂದಿನ ವಾರ ಇನ್ನೊಂದ್ ಸಲ ಬರಾನ,” ಎಂದಳು.

“ಯಾಕೆ? ಎಲ್ಲಾ ಮುಗೀತಲ್ಲ.”

“ನಮ್ಮ ಮಾತು ಮುಗೀಲಿಲ್ಲ.”

“ಅಂಗಾದ್ರೆ ನಾನು ಇಷ್ಟೊತ್ತು ಕಷ್ಟಪಟ್ಟು ಬಿಡಿಸ್ಕಂಡಿದ್ದು ಯಾಕೆ?”

“ನೀನು ಬಿಡಿಸ್ಕಂಡಿದ್ಕೇ ಅಪ್ಪಾ, ಈಗ ನಾನು ಹೂಂ ಅಂದ್ರೂ ಅದು ನಂದು. ಊಹೂಂ ಅಂದ್ರೂ ನಂದು.”

ಓಬುಳಪತಿ, ಪೋತಪ್ಪ, ಅಂಗಳದಲ್ಲಿ ನಿಂತಿದ್ದ ಕೆಲಸದವರು, ಗೋಡೆಯಾಚೆಯಿಂದ ಇಣುಕುತ್ತಿದ್ದ ಕುಂಕುಮದ ಹೆಂಗಸರು, ಎಲ್ಲರೂ ಸೀತಾರಾಮಪ್ಪನವರನ್ನೇ ನೋಡಿದರು. ಪೋತಪ್ಪನಿಗೆ ತಡೆಯಲಾಗಲಿಲ್ಲ.

“ಬಾವ, ಊರಲ್ಲಿ ಎಲ್ರೂ ಕೇಳ್ತಾರೆ. ಸಂಬಂಧ ಆತು ಅಂತ ಹೇಳ್ಲಾ, ಇಲ್ಲ ಅಂತ ಹೇಳ್ಲಾ? ನೀನೊಂದ್ ಮಾತು ಹೇಳ್ಬುಡು.”

ಸೀತಾರಾಮಪ್ಪನವರು ಉತ್ತರ ಕೊಡಲು ಬಾಯಿ ತೆರೆದರು. ಕೇಳಿದವರಿಗೆಲ್ಲ ಉತ್ತರ ಕೊಟ್ಟೇ ಅಭ್ಯಾಸ ಅವರಿಗೆ. ತೆರೆದ ಬಾಯನ್ನು ಮುಚ್ಚಿಕೊಂಡರು. ಆಮೇಲೆ ಮಗಳ ಕಡೆ ಕೈ ತೋರಿಸಿ ಹೇಳಿದರು:

“ಅವಳ್ನ ಕೇಳು.”